ನಾಲ್ಕು ಜನ ಆದ್ರೆ ಮಾತ್ರ

ಕೆನಡಾ ಸುತ್ತಿ ಊರಿಗೆ ಬಂದು ಎರಡು ತಿಂಗಳಾಯಿತು. ಇನ್ನೂ ಸಿಕ್ಕವರೆಲ್ಲ ಕೇಳುವುದು ಒಂದೇ. "ಒಬ್ರೇ ಹೋಗಿದ್ರಾ?" ಹೂಂ ಅಂದರೆ ಮುಂದಿನ ಪ್ರಶ್ನೆ, "ಮನೆಯವರು ಬರ್ಲಿಲ್ವಾ?" ಬರಲಿಲ್ಲ. ಅವರಿಗೆ ವಿಮಾನದಲ್ಲಿ ಅಷ್ಟು ಹೊತ್ತು ಕೂರುವುದು ಆಗುವುದಿಲ್ಲ, ಚಳಿ ಮೊದಲೇ ಆಗುವುದಿಲ್ಲ, ಮಗನಿಗೆ ಬೇರೆ ಪರೀಕ್ಷೆ. ಇಷ್ಟೂ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಮುಖದಲ್ಲಿ ಒಂದು ಥರದ ಮೆಚ್ಚುಗೆ, ಅದರ ಹಿಂದೆಯೇ ಒಂಚೂರು ಅನುಮಾನ. ಏನೋ ಜಗಳ ಇರಬೇಕು ಅಂತ.

ಜಗಳ ಏನಿಲ್ಲ. ಹಾಸನದ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದ ಮೂವರಲ್ಲಿ ಇಬ್ಬರು ಈಗ ಕೆನಡಾದಲ್ಲಿದ್ದಾರೆ. ಒಬ್ಬಳು ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ, ಇನ್ನೊಬ್ಬಳು ಕ್ಯಾಲ್ಗರಿಯಲ್ಲಿ. ಮೂರನೆಯವಳು ನಾನು, ಮೈಸೂರಿನಲ್ಲಿ, ಬ್ಯಾಂಕಿನಲ್ಲಿ. ಇಪ್ಪತ್ತು ವರ್ಷದಿಂದ ಅವರು "ಬಾರೇ ಬಾರೇ" ಅನ್ನುವುದು, ನಾನು "ಬರ್ತೀನಿ ಬರ್ತೀನಿ" ಅನ್ನುವುದು ನಡೆದೇ ಇತ್ತು. ಈ ಸಲ ಹೋದೆ.

ಇಬ್ಬರೂ ಕೆನಡಾದಲ್ಲಿ ಅಂದರೆ ಅಕ್ಕಪಕ್ಕದ ಬೀದಿ ಅಂತ ನಮ್ಮಮ್ಮ ತಿಳಿದುಕೊಂಡಿದ್ದಳು. ಸರ್ರೆಗೂ ಕ್ಯಾಲ್ಗರಿಗೂ ಹತ್ತಿರಹತ್ತಿರ 950 ಕಿಲೋಮೀಟರ್, ಅಂದರೆ ಮೈಸೂರಿನಿಂದ ಪುಣೆಯಷ್ಟು ದೂರ. ಮಧ್ಯೆ ರಾಕಿ ಪರ್ವತ. ಗಡಿಯಾರದಲ್ಲೂ ಒಂದು ಗಂಟೆ ವ್ಯತ್ಯಾಸ. ಆ ಒಂದು ಗಂಟೆ ನನಗೆ ಆಮೇಲೆ ಕೈ ಕೊಟ್ಟಿತು, ಹೇಳ್ತೀನಿ.

ಒಟ್ಟು 17 ದಿನ. ಅದರಲ್ಲಿ ನಿಜವಾಗಿ ಒಬ್ಬಳೇ ಇದ್ದದ್ದು ಮೂರು ದಿನ. ಆ ಮೂರರಲ್ಲೂ ಒಂದು ದಿನ, ಒಬ್ಬಳೇ ಇರಬೇಡ ಅಂತ ಅಲ್ಲಿನ ಸರ್ಕಾರವೇ ಬೋರ್ಡು ಹಾಕಿತ್ತು!

ವ್ಯಾಂಕೂವರ್ ಏರ್‌ಪೋರ್ಟಿನಲ್ಲಿ ತಿನ್ನುವ ಸಾಮಾನು ಏನಾದರೂ ಇದೆಯಾ ಅಂತ ಕೇಳಿದರು. ಇದೆ ಅಂದೆ. ಸುಳ್ಳು ಹೇಳಬೇಡ ಅಂತ ಇಬ್ಬರೂ ಮೊದಲೇ ಹೆದರಿಸಿದ್ದರು. ಏನದು? ಪುಡಿ. ಎಂಥ ಪುಡಿ? ಅಲ್ಲಿಗೆ ನನ್ನ ಇಂಗ್ಲಿಷು ಸುಸ್ತಾಯಿತು. ಚಟ್ನಿಪುಡಿ, ಸಾರಿನ ಪುಡಿ, ಹುಳಿ ಪುಡಿ, ಬಿಸಿಬೇಳೆಭಾತ್ ಪುಡಿ, ಕಾಫಿ ಪುಡಿ. ಐದೂ ಕಂದು ಬಣ್ಣದವು, ಐದಕ್ಕೂ ಒಂದೇ ಥರದ ಪ್ಲಾಸ್ಟಿಕ್ ಕವರ್. ಆ ಮನುಷ್ಯ ಒಂದು ಕವರ್ ಮೂಗಿನ ಹತ್ತಿರ ಹಿಡಿದು, ಎರಡು ಸಲ ಸೀನಿ, ಹೋಗಿ ಹೋಗಿ ಅಂದ.

ಸರ್ರೆಯವಳ ಮನೆಯಲ್ಲಿ ಅವಳು, ಗಂಡ, ಇಬ್ಬರು ಮಕ್ಕಳು, ಹಾಸನದಿಂದ ಬಂದು ಎಂಟು ತಿಂಗಳಾದ ಅತ್ತೆ. ಸರ್ರೆಯಲ್ಲಿ ಎಲ್ಲಿ ನೋಡಿದರೂ ಪಂಜಾಬಿಗಳು. ಅತ್ತೆ ದಿನಾ ಮಧ್ಯಾಹ್ನ ಸ್ವೆಟರ್ ಹಾಕಿಕೊಂಡು ಪಾರ್ಕಿಗೆ ಹೋಗಿ ಮೂರು ಜನ ಪಂಜಾಬಿ ಅಜ್ಜಿಯರ ಜೊತೆ ಬೆಂಚಿನ ಮೇಲೆ ಕೂರುತ್ತಾರೆ. ಇವರಿಗೆ ಪಂಜಾಬಿ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಅವರಿಗೆ ಕನ್ನಡ ಅನ್ನುವುದೊಂದು ಇದೆ ಅಂತಲೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಆದರೂ ಒಂದೂವರೆ ಗಂಟೆ ನಾಲ್ವರೂ ಬಿಡುವಿಲ್ಲದೆ ಮಾತು. ಒಂದು ದಿನ ನಾನೂ ಹೋಗಿ ಕೂತೆ. ಬರುವಾಗ ಕೇಳಿದೆ, "ಅಮ್ಮ, ಏನು ಮಾತಾಡ್ತೀರಿ ಅಷ್ಟೊಂದು?"

"ಇನ್ನೇನಮ್ಮ," ಅಂದರು, "ಮಂಡಿನೋವು."

ಗೆಳತಿ ಎರಡು ದಿನ ರಜೆ ಹಾಕಿದ್ದಳು. ನಾನೊಬ್ಬಳೇ ತಿರುಗಾಡ್ತೀನಿ, ನೀನು ಕೆಲಸಕ್ಕೆ ಹೋಗು ಅಂದರೆ ಕೇಳಬೇಕಲ್ಲ. ಮೊದಲ ದಿನ ಸ್ಟ್ಯಾನ್ಲಿ ಪಾರ್ಕ್. ಪಾರ್ಕ್ ಅಂದರೆ ನಮ್ಮ ಚೆಲುವಾಂಬ ಪಾರ್ಕಿನ ಲೆಕ್ಕ ಅಲ್ಲ. 400 ಹೆಕ್ಟೇರ್ ಕಾಡು, ಮೂರು ಕಡೆ ಸಮುದ್ರ, ಸುತ್ತ ನೀರಿನ ಅಂಚಿನಲ್ಲೇ ಕಲ್ಲುಗೋಡೆಯ ಮೇಲೆ ನಡೆಯುವ ದಾರಿ. ಹಾಸ್ಟೆಲಿನ ಕಥೆ ಹೇಳುತ್ತಾ ಹೇಳುತ್ತಾ ಅಷ್ಟೂ ಸುತ್ತಿದೆವು. ಮರಗಳು ಎಷ್ಟು ದಪ್ಪ ಇದ್ದವು ಅಂತ ನನಗೆ ನೆನಪಿಲ್ಲ, ಮೆಸ್ಸಿನ ಭಟ್ಟರ ವಿಷಯಕ್ಕೆ ಅವಳು ಎಷ್ಟು ನಕ್ಕಳು ಅನ್ನುವುದು ನೆನಪಿದೆ. ಎರಡನೇ ದಿನ ದೊಡ್ಡ ಫೆರ್ರಿಯಲ್ಲಿ ಒಂದೂವರೆ ಗಂಟೆ ಸಮುದ್ರ ದಾಟಿ ವ್ಯಾಂಕೂವರ್ ದ್ವೀಪಕ್ಕೆ, ಬುಚಾರ್ಟ್ ಗಾರ್ಡನ್ಸ್ ನೋಡುವುದಕ್ಕೆ. ಸಿಮೆಂಟಿಗೆ ಸುಣ್ಣಕಲ್ಲು ಅಗೆದು ಬಿಟ್ಟ ಗುಂಡಿಯನ್ನು ನೂರು ವರ್ಷದ ಹಿಂದೆ ಆ ಕಾರ್ಖಾನೆ ಯಜಮಾನನ ಹೆಂಡತಿ ಹೂತೋಟ ಮಾಡಿದಳಂತೆ. ಚೆನ್ನಾಗಿದೆ. ಬೃಂದಾವನ, ಲಾಲ್‌ಬಾಗ್ ನೋಡಿಕೊಂಡು ಬೆಳೆದವರಿಗೆ ಹೂತೋಟಕ್ಕೆ ಅಷ್ಟು ಟಿಕೆಟ್ ಕೊಡುವಾಗ ಕರುಳು ಚುರ್ ಅನ್ನುತ್ತದೆ, ಅಷ್ಟೇ.

ಅವತ್ತು ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಡಿಸೆಂಬರ್ ತಿಂಗಳಿಗೆ ಅಡ್ಡಡ್ಡ ಒಂದು ಬಾಣ, ಅದರ ಮೇಲೆ ಕನ್ನಡದಲ್ಲಿ 'ಊರು' ಅಂತ ಬರೆದಿತ್ತು. ಪಕ್ಕದಲ್ಲಿ 14. ಆ 14ರ ಮೇಲೆ ಗೀಟು ಎಳೆದು ಬೇರೆ ಪೆನ್ನಿನಲ್ಲಿ 12.

ಸರ್ರೆ ಇರುವ ಪ್ರಾಂತ್ಯದಲ್ಲಿ ಕಾನೂನಿನ ಪ್ರಕಾರ ಸಿಗುವ ಸಂಬಳದ ರಜೆ ವರ್ಷಕ್ಕೆ ಎರಡು ವಾರ. ಐದು ವರ್ಷ ಒಂದೇ ಕಡೆ ದುಡಿದರೆ ಮೂರು. ಅವಳು ಹೊಸ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ನನ್ನ ಹತ್ತಿರ ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀರು ಕುಡಿದು ಹೋಗಿ ಮಲಗಿದೆ. ಬೆಳಿಗ್ಗೆ ಎದ್ದವಳು ಅವಳ ಕೈಗೆ ಸೌಟು ಕೊಡಲಿಲ್ಲ, ಉಪ್ಪಿಟ್ಟು ನಾನೇ ಮಾಡಿದೆ. ಸಾಸಿವೆ ಚಟಪಟ ಅನ್ನುವ ಮೊದಲೇ ಹಾಲಿನಿಂದ ಅವಳ ಕೂಗು, "ಲೇ, ಫ್ಯಾನ್ ಹಾಕೇ! ಹೊಗೆಗೆ ಅಲಾರಾಂ ಹೊಡ್ಕೊಳತ್ತೆ!"

ಅವಳು ಆಫೀಸಿಗೆ ಹೋದ ಮೇಲೆ ನಾನು ಒಬ್ಬಳೇ ಸ್ಕೈಟ್ರೇನ್ ಹತ್ತಿದೆ. ಡ್ರೈವರ್ ಇಲ್ಲದ ರೈಲು ಅದು. ಮುಂದಿನ ಸೀಟು ಸಿಕ್ಕರೆ ನಾವೇ ಓಡಿಸುತ್ತಿರುವ ಹಾಗೆ ಕಾಣುತ್ತದೆ. ಆ ಸೀಟಿಗೆ ನನಗೂ ಐದು ವರ್ಷದ ಒಬ್ಬ ಹುಡುಗನಿಗೂ ಪೈಪೋಟಿ ಆಗಿ ಅವನು ಗೆದ್ದ. ಕೊನೆಯ ಸ್ಟೇಷನ್ ವಾಟರ್‌ಫ್ರಂಟ್. ಅಲ್ಲಿಂದ ನೀರಿನ ಪಕ್ಕದಲ್ಲೇ ನಡೆದರೆ ಕೋಲ್ ಹಾರ್ಬರ್. ಸಾಲಾಗಿ ಬಿಳಿ ದೋಣಿಗಳು, ಆಚೆ ದಡದಲ್ಲಿ ಬೆಟ್ಟ, ಓಡುವವರು, ನಾಯಿ ಹಿಡಿದವರು. ಮಧ್ಯದಲ್ಲಿ ಗೋಡೆಯಂಥ ಒಂದು ಸ್ಮಾರಕ, ಅದರ ಮೇಲೆ ನಮ್ಮ ಕಡೆಯ ಹೆಸರುಗಳು. ಸಿಂಗ್, ಸಿಂಗ್, ಸಿಂಗ್, ನಡುವೆ ಒಬ್ಬ ಖಾನ್.

ಕೊಮಗಾಟಾ ಮಾರು ಹಡಗಿನ ಸುದ್ದಿ ಶಾಲೆಯಲ್ಲಿ ಗದರ್ ಪಾರ್ಟಿ ಪಾಠದಲ್ಲಿ ಒಂದು ಸಾಲು ಓದಿದ್ದೆ. ಜಾಗ ನೋಡುವವರೆಗೂ ಅದು ಒಂದು ಸಾಲಾಗಿಯೇ ಇತ್ತು. 1914ರ ಮೇ 23ಕ್ಕೆ ಈ ನೀರಿಗೆ ಆ ಜಪಾನಿ ಹಡಗು ಬಂತು. ಗುರ್ದಿತ್ ಸಿಂಗ್ ಅನ್ನುವವರು ಬಾಡಿಗೆಗೆ ತೆಗೆದುಕೊಂಡು ಹಾಂಗ್‌ಕಾಂಗ್‌ನಿಂದ ಹೊರಡಿಸಿದ್ದು. ಒಳಗೆ 376 ಜನ, ಹೆಚ್ಚಿನವರು ಸಿಖ್ಖರು, ಕೆಲವರು ಮುಸ್ಲಿಮರು, ಹಿಂದೂಗಳು. ಎಲ್ಲರೂ ಬ್ರಿಟಿಷ್ ಪ್ರಜೆಗಳೇ, ಕೆನಡಾದವರ ಹಾಗೆಯೇ. ಆದರೆ ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರ ಬಂದರೆ ಮಾತ್ರ ಇಳಿಯಬಹುದು ಅಂತ 1908ರಲ್ಲಿ ಕಾನೂನು ಮಾಡಿದ್ದರು. ಭಾರತದಿಂದ ಆಗ ಹಾಗೆ ನೇರ ಬರುವ ಹಡಗೇ ಇರಲಿಲ್ಲ, ಕಾನೂನಿನ ಕಿತಾಪತಿ ಇರುವುದೇ ಅಲ್ಲಿ. ಎರಡು ತಿಂಗಳು ಹಡಗು ದಡ ಕಾಣುವಷ್ಟು ದೂರದಲ್ಲೇ ನಿಂತಿತ್ತು. ಬೆರಳೆಣಿಕೆಯ ಜನರನ್ನು ಬಿಟ್ಟು ಯಾರನ್ನೂ ಇಳಿಸಲಿಲ್ಲ. ಜುಲೈ 23ಕ್ಕೆ ವಾಪಸ್ ಅಟ್ಟಿದರು. ಕಲ್ಕತ್ತೆ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದಾಗ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿ ಸುಮಾರು 20 ಜನ ಸತ್ತರು. ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೋ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ ತಿಂಗಳಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ದಡದ ಕಥೆ. ಆಗಲೇ ವ್ಯಾಂಕೂವರ್‌ನಲ್ಲಿ ಗರಗಸದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ನಮ್ಮವರು ಒಂದು ಸಮಿತಿ ಮಾಡಿಕೊಂಡು, ಕೂಲಿ ದುಡ್ಡಿನಲ್ಲಿ ಚಂದಾ ಎತ್ತಿ, ಹಡಗಿನ ಬಾಕಿ ಬಾಡಿಗೆ ಕಟ್ಟಿ, ವಕೀಲರನ್ನು ಇಟ್ಟರು. ಹಡಗಿನಲ್ಲಿದ್ದವರಲ್ಲಿ ಎಷ್ಟು ಜನ ಅವರಿಗೆ ಪರಿಚಯವೋ. ನಾನು ಮಾತ್ರ ದೆಹಲಿಯಿಂದ ಎಲ್ಲೂ ನಿಲ್ಲದೆ, ಎರಡು ಸಿನಿಮಾ ನೋಡಿ ಒಂದು ನಿದ್ದೆ ತೆಗೆದು, ಎರಡು ಸೀನಿನ ಖರ್ಚಿನಲ್ಲಿ ಒಳಗೆ ಬಂದವಳು. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ ಕಟ್ಟಿಕೊಟ್ಟಿದ್ದ ಚಪಾತಿ ತಿಂದೆ. ಒಂದು ಸೀಗಲ್ ಹಕ್ಕಿ ಅರ್ಧ ಚಪಾತಿ ಕಿತ್ತುಕೊಂಡು ಹೋಯಿತು.

ಇನ್ನು ಆ ಒಂದು ಗಂಟೆಯ ಕಥೆ. ಮೊರೇನ್ ಲೇಕ್ ಅಂತ ಒಂದು ಸರೋವರ ಇದೆ ಬ್ಯಾನ್ಫ್ ನ್ಯಾಷನಲ್ ಪಾರ್ಕಿನಲ್ಲಿ. ಕೆನಡಾ ಅಂತ ಟೈಪ್ ಮಾಡಿದರೆ ಬರುವ ನೀಲಿ ನೀರಿನ ಫೋಟೋ ಹೆಚ್ಚುಕಮ್ಮಿ ಅದರದ್ದೇ. ಜನಜಂಗುಳಿ ತಡೆಯಲಾರದೆ 2023ರಿಂದ ಸ್ವಂತ ಕಾರುಗಳನ್ನು ಅಲ್ಲಿಗೆ ಬಿಡುವುದಿಲ್ಲ. ಪಾರ್ಕಿನವರ ಬಸ್ಸಿನಲ್ಲಿ ಸೀಟು ಕಾದಿರಿಸಬೇಕು. ಒಂದಷ್ಟು ಸೀಟು ಎರಡು ದಿನ ಮುಂಚೆ ಬೆಳಿಗ್ಗೆ ಎಂಟಕ್ಕೆ ಬಿಡುತ್ತಾರೆ. ನಾನು ಸರ್ರೆಯಲ್ಲಿ ಏಳೂ ಐವತ್ತೈದಕ್ಕೆ ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪ್ ಮುಂದೆ ತಯಾರು. ಎಂಟಾಯಿತು. ಒಂದೂ ಸೀಟಿಲ್ಲ. ಎಂಟು ಅಂದರೆ ಬೆಟ್ಟದ ಕಡೆಯ ಎಂಟು, ಸರ್ರೆಯ ಏಳು. ದಿನಾ ಸಂಜೆ ನಾಲ್ಕರ ಗಡುವು ಅಂತ ಗಿರಾಕಿಗಳ ಹತ್ತಿರ ಜಗಳ ಆಡುವ ಬ್ಯಾಂಕಿನವಳು ನಾನು! ಕ್ಯಾಲ್ಗರಿಯವಳಿಗೆ ಫೋನ್ ಮಾಡಿ ಗೋಳಾಡಿದೆ. "ಅಯ್ಯೋ ಮುಚ್ಚೇ ಬಾಯಿ, ನಾನು ನೋಡ್ತೀನಿ" ಅಂದಳು. ಮೀಟಿಂಗಿನ ಮಧ್ಯೆ ಕೂತು ಪೇಜು ರಿಫ್ರೆಶ್ ಮಾಡುತ್ತಾ ಮಾಡುತ್ತಾ, ಯಾರೋ ಬಿಟ್ಟುಕೊಟ್ಟ ಒಂದು ಸೀಟನ್ನು ಮಧ್ಯಾಹ್ನ ಹಿಡಿದಳು. ಒಬ್ಬಳೇ ಹೋಗುವವಳಿಗೆ ಇದೊಂದು ಲಾಭ, ಒಂದು ಸೀಟು ಯಾವಾಗಲೂ ಎಲ್ಲೋ ಉಳಿದಿರುತ್ತದೆ.

ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಾಗುವಾಗ ಸುತ್ತ ಬೆಟ್ಟ. ಬ್ಯಾನ್ಫ್ ಚಿಕ್ಕ ಊರು, ತುಂಬ ಚೊಕ್ಕ, ತುಂಬ ದುಬಾರಿ. ರೈಲು ಹಳಿ ಹಾಕುತ್ತಿದ್ದ ಕೆಲಸಗಾರರು 1883ರಲ್ಲಿ ಅಲ್ಲಿ ಬಿಸಿನೀರಿನ ಬುಗ್ಗೆ ಕಂಡರಂತೆ, ಎರಡು ವರ್ಷಕ್ಕೆ ಸರ್ಕಾರ ಆ ಜಾಗ ತನ್ನದು ಅಂತ ಬೇಲಿ ಹಾಕಿ, ಅದೇ ಬೆಳೆದು ಕೆನಡಾದ ಮೊದಲ ನ್ಯಾಷನಲ್ ಪಾರ್ಕ್ ಆಯಿತು. 'ಕಂಡರು' ಅನ್ನುವುದು ಬೋರ್ಡಿನ ಮಾತು. ಅಲ್ಲಿನ ಮೂಲನಿವಾಸಿಗಳಿಗೆ ಅದು ಎಷ್ಟೋ ಕಾಲದಿಂದ ಗೊತ್ತಿತ್ತು. ಗುಹೆಯೊಳಗೆ ಗಂಧಕದ ವಾಸನೆ, ಹಳೇ ಮೊಟ್ಟೆಯ ಹಾಗೆ. ಹತ್ತು ನಿಮಿಷ ನಿಂತು ಬಂದೆ.

ಬ್ಯಾನ್ಫ್‌ನಲ್ಲಿ ನಾನು ಇಳಿದಿದ್ದ ಹಾಸ್ಟೆಲಿನಲ್ಲಿ ಆರು ಹಾಸಿಗೆಯ ರೂಮು. ನನಗೆ ನಲವತ್ತೇಳು, ಉಳಿದ ಐವರದ್ದೂ ಸರಾಸರಿ ತೆಗೆದರೆ ಇಪ್ಪತ್ತಮೂರು ಇರಬಹುದು. ಮೇಲಿನ ಹಾಸಿಗೆ ಕೊಟ್ಟಿದ್ದರು. ಏಣಿ ನೋಡಿ ನಾನು ನಿಂತಿದ್ದನ್ನು ನೋಡಿ ಒಂದು ಹುಡುಗಿ ತಾನೇ ಮೇಲೆ ಹೋದಳು.

ಮಾರನೇ ದಿನ ಮೊರೇನ್. ಊರ ಬಸ್ಸು, ಪಾರ್ಕಿನ ಬಸ್ಸು, ಕೊನೆಗೆ ನೀರು. ಫೋಟೋದಲ್ಲಿ ನೋಡಿ ಬಣ್ಣ ಬಳಿದಿದ್ದಾರೆ ಅಂದುಕೊಂಡಿದ್ದೆ. ಇಲ್ಲ. ಎದುರಿಗೆ ನೋಡಿದರೂ ಬಳಿದ ಹಾಗೇ ಇದೆ. ದಡದಲ್ಲಿ ಬೆಟ್ಟ ಹತ್ತುವ ದಾರಿ ಶುರುವಾಗುವಲ್ಲಿ ಆ ಬೋರ್ಡು. ಗ್ರಿಜ್ಲಿ ಕರಡಿಗಳು ಓಡಾಡುತ್ತಿವೆ, ಮುಂದೆ ಹೋಗುವವರು ಕಡಿಮೆ ಅಂದರೆ ನಾಲ್ಕು ಜನ ಒಟ್ಟಿಗಿರಬೇಕು, ಬಿಟ್ಟು ಬಿಟ್ಟು ನಡೆಯುವ ಹಾಗಿಲ್ಲ. ಸಲಹೆ ಅಲ್ಲ, ಕಾನೂನು. ಸೊಂಟದಲ್ಲಿ ಐವತ್ತು ಡಾಲರಿನ ಕರಡಿ ಸ್ಪ್ರೇ ಸಿಕ್ಕಿಸಿಕೊಂಡು ನಾನು ಒಬ್ಬಳು. ಕರಡಿ ಕಂಡರೆ ಅದರ ಮುಖಕ್ಕೆ ಹೊಡೆಯುವ ಖಾರದ ಡಬ್ಬಿ ಅದು. ಐದು ಥರದ ಪುಡಿ ಹೊತ್ತು ತಂದವಳು ಮತ್ತೆ ಖಾರಕ್ಕೇ ದುಡ್ಡು ಕೊಟ್ಟಿದ್ದೆ.

ಬಸ್ಟ್ಯಾಂಡಿನಲ್ಲಿ ಷೇರ್ ಆಟೋದವರು ಇನ್ನೊಬ್ಬರಿಗೆ ಕಾಯುತ್ತಾರಲ್ಲ, ಹಾಗೆ ಕಾದೆ. ಇಪ್ಪತ್ತು ನಿಮಿಷಕ್ಕೆ ಒಂದು ವಯಸ್ಸಾದ ಜೋಡಿ ಬಂತು. ಸಸ್ಕ್ಯಾಚೆವಾನ್ ಕಡೆಯವರು, ಗೋಧಿ ಬೆಳೆಯುತ್ತಿದ್ದವರು, ಈಗ ಹೊಲ ಮಗನಿಗೆ ಕೊಟ್ಟು ತಿರುಗಾಡುತ್ತಿದ್ದಾರೆ. ಆಮೇಲೆ ಬ್ಯಾನ್ಫ್‌ನಲ್ಲಿ ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ಕೊರಿಯಾದ ಹುಡುಗಿ. ನಾಲ್ಕಾಯಿತು, ಹೊರಟೆವು.

ಸುಮಾರು ನಾಲ್ಕು ಕಿಲೋಮೀಟರ್, 500 ಮೀಟರಿಗಿಂತ ಜಾಸ್ತಿ ಏರು, ಚಾಮುಂಡಿ ಬೆಟ್ಟವನ್ನು ಎರಡು ಸಲ ಹತ್ತಿದಷ್ಟು. ಅದೂ ಮೆಟ್ಟಿಲಿಲ್ಲದೆ. ಎಪ್ಪತ್ತು ದಾಟಿದ ಆ ಅಜ್ಜ ಅಜ್ಜಿಯಿಂದ ತಡವಾಗಬಹುದು ಅಂತ ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ತಡವಾಗಿದ್ದು ನನ್ನಿಂದ. ಪ್ರತಿ ತಿರುವಿಗೂ ಮೂವರು ನಿಂತು ಕಾಯುವುದು, ನಾನು ಏದುಸಿರು ಬಿಡುತ್ತಾ ಬಂದು ಸಾರಿ ಸಾರಿ ಅನ್ನುವುದು. ಮೂರನೇ ಸಲಕ್ಕೆ ಅಜ್ಜಿ ಅಂದರು, "ಸಾರಿ ಯಾಕೆ? ನೀನು ವಾಪಸ್ ಹೋದರೆ ನಾವು ಮೂರೇ ಜನ ಆಗ್ತೀವಿ. ನಾವೂ ವಾಪಸ್ ಹೋಗಬೇಕಾಗುತ್ತೆ."

ಹಾಗೆ ಹೇಳಿದ ಮೇಲೆ ಕಾಲು ಸ್ವಲ್ಪ ಹಗುರಾಯಿತು.

ಕರಡಿಗೆ ನಾವು ಬರುವುದು ಮೊದಲೇ ಕೇಳಿಸಬೇಕಂತೆ, ಏಕಾಏಕಿ ಎದುರಾದರೆ ಅಪಾಯ. ಅದಕ್ಕೇ ಜೋರಾಗಿ ಮಾತಾಡುತ್ತಾ ನಡೆಯಬೇಕು. ಮಾತು ಮುಗಿಯಿತು. ಅಜ್ಜ ಹಾಡಿದರು, ಅದೂ ಮುಗಿಯಿತು. ನನ್ನ ಸರದಿ ಬಂದಾಗ ಆ ಏದುಸಿರಿನಲ್ಲಿ ತಲೆಗೆ ಬಂದದ್ದು ಮಗ್ಗಿ ಮಾತ್ರ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಪ್ರೈಮರಿ ಸ್ಕೂಲಿನ ರಾಗದಲ್ಲೇ ಕಿರುಚಿದೆ. ಹದಿಮೂರರ ಮಗ್ಗಿಗೆ ಎಡವಿದೆ, ಸದ್ಯ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆ ಕೊರಿಯಾದ ಹುಡುಗಿ ಐದರ ಮಗ್ಗಿಯ ರಾಗ ಹಿಡಿದುಕೊಂಡು ಅರ್ಥ ಗೊತ್ತಿಲ್ಲದೆ ಹೇಳುತ್ತಾ ಬಂದಳು.

ಮೇಲೆ ಲಾರ್ಚ್ ಕಣಿವೆ. ಸೂಜಿ ಎಲೆಯ ಮರ ಅಂದರೆ ವರ್ಷವಿಡೀ ಹಸಿರು ಅಂತ ಓದಿಕೊಂಡವರು ನಾವು. ಲಾರ್ಚ್ ಹಾಗಲ್ಲ. ಸೆಪ್ಟೆಂಬರ್ ಕೊನೆಗೆ ಪೂರ್ತಿ ಹಳದಿ ತಿರುಗಿ ಕೆಲವೇ ವಾರಕ್ಕೆ ಉದುರಿ ಬೋಳಾಗುತ್ತದೆ. ಕಣಿವೆ ಪೂರ್ತಿ ಚಿನ್ನದ ಬಣ್ಣ, ಹಿಂದೆ ಬೂದಿ ಬಣ್ಣದ ಹತ್ತು ಶಿಖರ, ತುದಿಯಲ್ಲಿ ಹೊಸ ಹಿಮ. ಒಂದು ಕೊಂಬೆ ಮುಟ್ಟಿ ನೋಡಿದೆ. ಸೂಜಿ ಚುಚ್ಚಲಿಲ್ಲ. ಸಬ್ಬಸಿಗೆ ಸೊಪ್ಪಿನ ಹಾಗೆ ಮೆತ್ತಗಿತ್ತು.

ಕೆಳಗಿನ ನೀರು ಯಾಕೆ ಹಾಗಿದೆ ಅಂತ ಹೇಳಿದ್ದು ಅಜ್ಜ. ಹಿಮನದಿ ಜರುಗುವಾಗ ಕೆಳಗಿನ ಬಂಡೆಯನ್ನು ಅರೆಯುತ್ತದೆ. ಆ ಕಲ್ಲಿನ ಹಿಟ್ಟು ಎಷ್ಟು ನಯ ಅಂದರೆ ತಳಕ್ಕೆ ಕೂರದೆ ನೀರಿನಲ್ಲೇ ತೇಲುತ್ತದೆ. ಬೆಳಕು ಅದಕ್ಕೆ ಬಡಿದು ಚದುರಿದಾಗ ಈ ನೀಲಿ. ಗೋಧಿಯವರಲ್ಲವಾ, ಹಿಟ್ಟು ಅನ್ನುವಾಗ ಹೆಬ್ಬೆರಳಿನಿಂದ ತೋರುಬೆರಳು ಉಜ್ಜಿ ತೋರಿಸಿದರು. ನಮ್ಮಜ್ಜಿ ಬೀಸೋಕಲ್ಲಿನ ಮುಂದೆ ಕೂತು ರಾಗಿ ಹಿಟ್ಟು ನುಣ್ಣಗಾಯಿತಾ ಅಂತ ನೋಡುತ್ತಿದ್ದದ್ದೂ ಅದೇ ಎರಡು ಬೆರಳಲ್ಲಿ. ಹಳೇ ಇಪ್ಪತ್ತು ಡಾಲರ್ ನೋಟಿನ ಹಿಂದೆ ಇದೇ ಸರೋವರದ ಚಿತ್ರ ಇತ್ತು, ಗೋಧಿ ಮಾರಿ ಬಂದ ನೋಟಿನಲ್ಲಿ ನೋಡಿ ನೋಡಿ ಯಾವತ್ತಾದರೂ ಹೋಗಬೇಕು ಅಂದುಕೊಂಡಿದ್ದೆವು ಅಂದರು ಅಜ್ಜಿ. ಇಳಿದ ಮೇಲೆ ನಾಲ್ವರೂ ಕೈ ಕುಲುಕಿ ಬೇರೆ ಬೇರೆ ಬಸ್ಸು ಹತ್ತಿದೆವು. ಹೆಸರು ಕೇಳಿಕೊಂಡಿದ್ದೆ, ಈಗ ಮರೆತಿದೆ.

ಆ ಸಂಜೆ ಬ್ಯಾನ್ಫ್‌ನಲ್ಲಿ ಒಬ್ಬಳೇ ನೂಡಲ್ಸ್ ತಿಂದೆ. ಸರ್ರೆಯಲ್ಲಿದ್ದಾಗ ಒಂದು ಗಳಿಗೆ ಒಬ್ಬಳೇ ಇದ್ದರೆ ಸಾಕಪ್ಪಾ ಅನ್ನಿಸಿತ್ತು. ಮಕ್ಕಳು, ಟಿವಿ, ಅತ್ತೆ ಧಾರಾವಾಹಿ, ಇನ್ನೊಂದು ದೋಸೆ ಹಾಕಿಸಿಕೊಳ್ಳೇ ಅನ್ನುವ ಬಲವಂತ. ಇಲ್ಲಿ ಬಲವಂತ ಮಾಡುವವರಿಲ್ಲದೆ ಅರ್ಧ ಬಟ್ಟಲು ಹಾಗೇ ಉಳಿಯಿತು.

ಕ್ಯಾಲ್ಗರಿಯವಳು ಬಾಗಿಲು ತೆಗೆಯುತ್ತಲೇ ಹೇಳಿದ್ದು, "ನಾನು ರಜೆಗಿಜೆ ಹಾಕಲ್ಲ ಕಣೆ, ಸುಮ್ನೆ ಬಿದ್ದಿರು." ಅವಳಿಗೆ ಮನೆಯಿಂದಲೇ ಕೆಲಸ. ಅವಳು ಮಹಡಿ ಮೇಲೆ ಮೀಟಿಂಗಿನಲ್ಲಿ, ನಾನು ಕೆಳಗೆ ಬಿಸಿಲು ಬೀಳುವ ಸೋಫಾದಲ್ಲಿ. ಏಳು ದಿನ ಹೆಚ್ಚೇನೂ ನೋಡಲಿಲ್ಲ. ಊರು ಚಪ್ಪಟೆ, ಆಕಾಶ ದೊಡ್ಡದು. ಮನೆ ಮುಂದೆ ನಿಂತ ಕಾರುಗಳ ಮೂತಿಯಿಂದ ಒಂದೊಂದು ವೈರಿನ ತುದಿ ನೇತಾಡುತ್ತಿತ್ತು, ಮೊಬೈಲ್ ಚಾರ್ಜರಿನ ಹಾಗೆ. ಏನೇ ಇದು ಅಂದೆ. ಚಳಿಗಾಲದಲ್ಲಿ ಮೈನಸ್ ಮೂವತ್ತಕ್ಕೆ ಹೋದಾಗ ಎಂಜಿನ್ ಹೆಪ್ಪುಗಟ್ಟದ ಹಾಗೆ ರಾತ್ರಿಯಿಡೀ ಕರೆಂಟು ಕೊಟ್ಟು ಬೆಚ್ಚಗಿಡಬೇಕಂತೆ. ನಮ್ಮಲ್ಲಿ ಎಮ್ಮೆ ಕಟ್ಟಿ ಹಾಕುವ ಹಾಗೆ ಕಾರು ಕಟ್ಟಿ ಹಾಕುತ್ತಾರೆ ಅಂದೆ. ಅವಳ ಮಗನಿಗೆ ಎಮ್ಮೆ ಕಟ್ಟುವುದು ಅಂದರೆ ಏನು ಅಂತ ವಿವರಿಸುವುದರಲ್ಲಿ ಆ ಸಂಜೆ ಕಳೆಯಿತು.

ನವರಾತ್ರಿ ಶುರುವಾಗಿತ್ತು. ಪ್ರಪಂಚವೆಲ್ಲ ದಸರಾಕ್ಕೆ ಮೈಸೂರಿಗೆ ಬಂದರೆ ಮೈಸೂರಿನವಳು ನಾನು ಕ್ಯಾಲ್ಗರಿಯಲ್ಲಿ ಗೊಂಬೆ ಜೋಡಿಸುತ್ತಿದ್ದೆ. ಅವಳ ಅಮ್ಮ ಕೊಟ್ಟ ಪಟ್ಟದ ರಾಜ ರಾಣಿ, ಚನ್ನಪಟ್ಟಣದ ಬ್ಯಾಂಡ್‌ಸೆಟ್ಟು, ಮೆಟ್ಟಿಲಿಗೆ ಅಮೆಜಾನ್ ಡಬ್ಬಗಳ ಮೇಲೆ ಹಳೇ ಪಂಚೆ. ಕೆಳಗಿನ ಮೆಟ್ಟಿಲು ಮಗನದ್ದು. ಅಲ್ಲಿ ಡೈನೋಸಾರ್, ಹಾಕಿ ಆಟಗಾರ, ಒಂದು ಪೊಲೀಸ್ ಜೀಪು. ಸೆಪ್ಟೆಂಬರ್ 30ಕ್ಕೆ ಅವನು ಕಿತ್ತಳೆ ಬಣ್ಣದ ಟೀಶರ್ಟ್ ಹಾಕಿಕೊಂಡ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎಳೆದೊಯ್ದು ವಸತಿ ಶಾಲೆಗಳಲ್ಲಿ ಇಟ್ಟು ಅವರ ಮಾತು ಬಿಡಿಸಿದರಲ್ಲ, ಅದನ್ನು ನೆನೆಯುವ ದಿನ. ಎಂಟು ವರ್ಷದ ಹುಡುಗ ಒಳ್ಳೇ ಪಾಠ ಒಪ್ಪಿಸಿದ ಹಾಗೆ ಇಂಗ್ಲಿಷಿನಲ್ಲಿ ಅದನ್ನೆಲ್ಲ ನನಗೆ ಹೇಳಿದ. ಅವನಮ್ಮ ಅಡುಗೆಮನೆಯಿಂದ ಕೂಗಿದಳು, "ಆಂಟಿಗೆ ಕನ್ನಡದಲ್ಲಿ ಹೇಳೋ." ಅವನು ಸ್ವಲ್ಪ ಹೊತ್ತು ಬಾಯಿ ತೆರೆದು ನಿಂತು, ಆಡಲು ಓಡಿದ.

ಒಂದು ರಾತ್ರಿ ಫ್ರಿಜ್ಜಿನ ಕ್ಯಾಲೆಂಡರಿನ ವಿಷಯ ಇವಳಿಗೆ ಹೇಳಿದೆ. ಹದಿನಾಲ್ಕು ಇದ್ದದ್ದು ಹನ್ನೆರಡು ಆಗಿದೆ ಕಣೆ, ನನ್ನಿಂದ ಅಂತ.

ಇವಳು ಕೋಸಂಬರಿಗೆ ಹೆಸರುಬೇಳೆ ನೆನೆಹಾಕುತ್ತಿದ್ದಳು. "ಅವಳು ಹಾಗೇ," ಅಂದಳು. "ನನ್ನ ಬಾಣಂತನಕ್ಕೆ ಅಮ್ಮನ ವೀಸಾ ಆಗ್ಲಿಲ್ವಲ್ಲ. ಬಂದು ಎರಡು ವಾರ ಇದ್ದಳು. ಆ ವರ್ಷ ಊರಿಗೇ ಹೋಗಲಿಲ್ಲ." ಬೇಳೆಗೆ ಇನ್ನೊಂದು ಲೋಟ ನೀರು ಸುರಿದು ಮುಚ್ಚಿಟ್ಟಳು. ಆ ಮಾತು ಮತ್ತೆ ಬರಲಿಲ್ಲ.

ಹೊರಡುವ ದಿನ ಕರಡಿ ಸ್ಪ್ರೇ ಏನು ಮಾಡುವುದು ಅಂತ ಸಮಸ್ಯೆಯಾಯಿತು. ವಿಮಾನದಲ್ಲಿ ಬಿಡುವುದಿಲ್ಲ. ಒಂದು ಸಲವೂ ಬಳಸಿಲ್ಲ, ಎಸೆಯಲು ಮನಸ್ಸಿಲ್ಲ. ಅವಳ ಮನೆಯಲ್ಲೇ ಬಿಟ್ಟು ಬಂದೆ. ದೆಹಲಿಯಲ್ಲಿ ಇಳಿದು ಫೋನ್ ಆನ್ ಮಾಡಿದಾಗ ವಾಟ್ಸಾಪಿನಲ್ಲಿ ಒಂದು ಫೋಟೋ ಬಂದಿತ್ತು. ಗೊಂಬೆಯ ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ರಾಣಿಯ ಬಲಗಡೆ, ಅವಳಿಗಿಂತ ಎತ್ತರಕ್ಕೆ, ಡಬ್ಬಿ ನಿಂತಿದೆ. ಮಗ ಇಟ್ಟಿದ್ದಂತೆ, ಕಾವಲಿಗೆ. ಕೆಳಗೆ ಅವಳು ಬರೆದಿದ್ದಳು: "ಡೇಟು ನೋಡಿದೆ. ಇನ್ನೂ ಮೂರು ವರ್ಷ ಇದೆ. ಖಾರ ಹೋಗೋಷ್ಟರಲ್ಲಿ ಬಾ. ಈ ಸಲ ಅವಳನ್ನೂ ಎಳ್ಕೊಂಡು ಬರ್ತೀನಿ, ಇನ್ನೊಬ್ಬರು ಅಲ್ಲೇ ಸಿಗ್ತಾರೆ."